ಗರಸಿನಕೊಪ್ಪಕ್ಕೆ ಹೆಣ್ಣು ಕೊಡುವವರು

ನಮ್ಮ ಕಡೆ ಒಂದು ಮಾತಿತ್ತು. 'ಗರಸಿನಕೊಪ್ಪಕ್ಕ ಹೆಣ್ಣು ಕೊಡೂದಕಿಂತ ಬಾವಿಗೆ ದೂಡೂದು ಪಾಡ. ಬಾವ್ಯಾಗರ ನೀರ ಇರತೈತಿ.' ಕಿತ್ತೂರಿನಿಂದ ಬೈಲಹೊಂಗಲಕ್ಕೆ ಹೋಗುವ ಬಸ್ಸಿನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದಾಗೆಲ್ಲ ಹಲ್ಲು ಕಡಿದಿದ್ದೇನೆ. ಯಾಕೆಂದರೆ ನಮ್ಮಪ್ಪ ನಮ್ಮಕ್ಕ ಕಾಡವ್ವನನ್ನು ಕೊಟ್ಟದ್ದು ಅದೇ ಗರಸಿನಕೊಪ್ಪಕ್ಕೆ. ನಾನು ಗಂಗಪ್ಪ, ಬೈಲಹೊಂಗಲ ಡಿಪೋದಲ್ಲಿ ಕಂಡಕ್ಟರನಾಗಿದ್ದು ನಿವೃತ್ತನಾದವ. ಆ ಮಾತು ಆಡಿದ ಒಬ್ಬಿಬ್ಬರಿಗೆ ಟಿಕೆಟ್ಟಿನ ಜೊತೆ ಬೇರೇನಾದರೂ ಕೊಡೋಣ ಅನ್ನಿಸಿದ್ದೂ ಉಂಟು. ಮೈಮೇಲೆ ಖಾಕಿ ಇತ್ತು, ಸುಮ್ಮನಿದ್ದೆ.

ಸುಳ್ಳು ಅನ್ನಲಿಕ್ಕೂ ಬರುತ್ತಿರಲಿಲ್ಲ, ಅದೇ ಸಂಕಟ. ಊರಿನ ಹೊಲವೆಲ್ಲ ಕೆಂಪು ಗರಸು, ಬರೀ ಕಲ್ಲುಮಣ್ಣು. ಕುಡಿಯುವ ನೀರಿಗೆ ಹೆಂಗಸರು ಮುಂದಿನ ಊರಿನ ಹಳ್ಳಕ್ಕೆ ಹೋಗಬೇಕು. ಬಸ್ಸು ಊರೊಳಗೆ ಬರುತ್ತಿರಲಿಲ್ಲ, ಡಾಂಬರು ರಸ್ತೆಯಲ್ಲಿ ಇಳಿಸಿ ಹೋಗುತ್ತಿತ್ತು. ಹೆಣ್ಣು ಕೊಡುವವರಿಲ್ಲದೆ ಕಟ್ಟೆಯ ತುಂಬ ಬ್ರಹ್ಮಚಾರಿಗಳು. ಹೊಸಬರು ಬಂದರೆ ಇದು ಊರೋ ಮಠವೋ ಎಂದು ಕೇಳಬೇಕು, ಹಾಗಿತ್ತು.

ಆಮೇಲೆ ಊರ ಹಿಂದಿನ ಗುಡ್ಡಕ್ಕೆ ವಿಶ್ವವಿದ್ಯಾಲಯ ಬಂತು. ಮೊದಲು ಬಂದದ್ದು ಬರೀ ಒಂದು ಬೋರ್ಡು ಮತ್ತು ಸುತ್ತಲೂ ತಂತಿ ಬೇಲಿ. 'ಜ್ವಾಳ ಬೆಳೀದ ನೆಲದಾಗ ಶಾಣ್ಯಾರನ್ನ ಬೆಳೀತಾರಂತ' ಎಂದು ಊರವರು ನಕ್ಕರು. ನಗುನಗುತ್ತಿರುವಾಗಲೇ ಒಂದು ಕಟ್ಟಡ ಎದ್ದಿತು, ಅದರ ಪಕ್ಕಕ್ಕೆ ಇನ್ನೊಂದು, ಅದರ ಹಿಂದೆ ವಸತಿಗೃಹ. ಅವರಿಗೆಂದು ಮಲಪ್ರಭೆಯಿಂದ ಪೈಪು ಬಂತು, ಬರುವ ದಾರಿಯಲ್ಲಿ ಅಕ್ಕನ ಊರಿಗೂ ನಲ್ಲಿ ಕೊಟ್ಟಿತು. ಬಸ್ಸು ಒಳಗೆ ಬಂತು. ವಿಶ್ವವಿದ್ಯಾಲಯವೆಂದರೆ ಡಿಗ್ರಿ ಕೊಡುವ ಜಾಗ ಎಂದು ಓದಿದವರು ಹೇಳುತ್ತಾರೆ. ಗರಸಿನಕೊಪ್ಪಕ್ಕೆ ಅದು ಮೊದಲು ಕೊಟ್ಟದ್ದು ನೀರು.

ಸೇವೆಯ ಕೊನೆಯ ವರ್ಷಗಳಲ್ಲಿ ನನಗೆ ಸವದತ್ತಿ–ಕಿತ್ತೂರು ಬೆಳಗಿನ ಗಾಡಿ ಇತ್ತು. ಮೊದಲು ಆ ಗಾಡಿಯಲ್ಲಿ ಸಂತೆಗೆ ಹೋಗುವ ಬುಟ್ಟಿಗಳು, ಕೋಳಿಗಳು, ಆಸ್ಪತ್ರೆಗೆ ಹೋಗುವ ಮುದುಕರು. ಬರಬರುತ್ತ ಮನೋಳಿಯಲ್ಲಿ ನಾಲ್ಕು ಹುಡುಗಿಯರು ಹತ್ತಿದರು, ಸಂಗೊಳ್ಳಿ ಕಡೆಯಿಂದ ಇನ್ನಷ್ಟು. ಒಂದು ವರ್ಷ ಕಳೆಯುವುದರೊಳಗೆ ಕೋಳಿಗಳಿಗೆ ಜಾಗ ಇಲ್ಲದಂತಾಯಿತು. ಎಲ್ಲರೂ 'ಯುನಿವರ್ಸಿಟಿ ಗೇಟ್' ಎಂದು ಟಿಕೆಟ್ ಕೇಳುವವರೇ. ಆ ಹೆಸರು ಕೂಗಿ ಸಿಳ್ಳೆ ಹಾಕುವಾಗ ನನಗೆ ಒಳಗೊಳಗೇ ಬಹಳ ಖುಷಿಯಾಗುತ್ತಿತ್ತು. ನಮ್ಮಕ್ಕನ ಊರಿಗೆ ಜನ ದುಡ್ಡು ಕೊಟ್ಟು ಬರುತ್ತಿದ್ದರಲ್ಲ!

ಭಾವ ತೀರಿಕೊಂಡ ಮೇಲೆ ಅಕ್ಕ ಮತ್ತು ಅವಳ ಮಗ ಪರಶು ಒಂದು ಧೈರ್ಯ ಮಾಡಿದರು. ಮನೆಯ ಜೋಡೆತ್ತು ಮಾರಿ ಹಿತ್ತಲಲ್ಲಿ ಎರಡು ಖೋಲಿ ಕಟ್ಟಿಸಿದರು. ಓದುವ ಹುಡುಗಿಯರು ಬಾಡಿಗೆಗೆ ಬಂದರು. ಪರಶು ಹೊಲಕ್ಕೆ ಟ್ರ್ಯಾಕ್ಟರ್ ಹೇಳಿ, ಎರಡು ಎಮ್ಮೆ ಕಟ್ಟಿ, ಮೇಲಿನ ವಸತಿಗೃಹಕ್ಕೆ ಹಾಲು ಹಾಕಹತ್ತಿದ. ಅಲ್ಲಿಯ ಹುಡುಗರು ಒಮ್ಮೆ ಮಣ್ಣು ಪರೀಕ್ಷೆಗೆಂದು ಬಂದು, ಈ ಗರಸಿಗೆ ಸೀತಾಫಲ, ನುಗ್ಗೆ ಒಗ್ಗುತ್ತವೆ ಅಂದರು. ಹಚ್ಚಿದ, ಒಗ್ಗಿದವು. ಒಟ್ಟಿನಲ್ಲಿ ಹೊಟ್ಟೆ ತಣ್ಣಗಿತ್ತು.

ಮದುವೆ ಮಾತ್ರ ಆಗಲಿಲ್ಲ. ಊರಿಗೆ ನಲ್ಲಿ ಬಂದ ಸುದ್ದಿ ಹತ್ತಿರದ ಹಳ್ಳಿಗಳಿಗೆ ಗೊತ್ತಿತ್ತು, ರಾಮದುರ್ಗದ ಕಡೆ ಇನ್ನೂ ಆ ಬಾವಿಯ ಮಾತೇ ಓಡಾಡುತ್ತಿತ್ತು. ಅಂಥದರಲ್ಲಿ ಮಲಕಾಜಪ್ಪ ಎಂಬ ದಲ್ಲಾಳಿ ಅದೇ ಕಡೆಯ ಸಾಲಹಳ್ಳಿಯ ಲಗಮಪ್ಪನ ಮಗಳು ರೇಣುವನ್ನು ತೋರಿಸಿದ. ಹೋಗಿ ನೋಡಿ ಬಂದೆವು. ಹುಡುಗಿ ಬಿ.ಎ. ಮುಗಿಸಿದ್ದಳು. ಅವರಿಗೂ ಹುಡುಗ ಅಡ್ಡಿಯಿಲ್ಲ ಅನ್ನಿಸಿತು. ಉಳಿದದ್ದು ಮನೆ ನೋಡುವುದು. ನಮ್ಮಲ್ಲಿ ಹೆಣ್ಣಿನ ಕಡೆಯವರು ಬಂದು ಹೊಲ, ಮನೆ, ದನಕರು ನೋಡಿದ ಮೇಲೆಯೇ ಅವರಪ್ಪ 'ಹೂಂ' ಅನ್ನುವುದು. ಅಲ್ಲಿಯತನಕ ಯಾರೂ ಯಾರಿಗೂ ಬೀಗರಲ್ಲ.

ಬರುವಾಗ ಪರಶು ನನ್ನ ಪಕ್ಕಕ್ಕೆ ಕೂತವನು ಮೆಲ್ಲಗೆ ಅಂದ, "ಮಾವಾ, ಇದ ಕಡೀದು. ಇದು ಮುರದ್ರ ಮತ್ತ ಯಾರ ಮನ್ಯಾಗೂ ಹೋಗಿ ಚಾ ಕುಡಕೋತ ಕುಂಡ್ರಂಗಿಲ್ಲ."

"ಹುಡುಗಿ ಅಷ್ಟ ಪಸಂದ ಬಂದಾಳೇನ?"

"ಉಳದಾವ್ರೆಲ್ಲ ನೆಲ ನೋಡ್ತಿದ್ರು. ಆಕಿ ನನ್ನ ಮಾರಿ ನೋಡಿದ್ಲು," ಅಂದ. ಹೇಳಿದವನೇ ಕಿಟಕಿಯ ಕಡೆ ತಿರುಗಿದ. ಕಿವಿ ಕೆಂಪಾಗಿದ್ದವು.

ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸರಳವಿತ್ತು. ಆದರೆ ಮಲಕಾಜಪ್ಪ ಸುಮ್ಮನಿರುವ ಆಸಾಮಿಯಲ್ಲ. ಮನೆ ನೋಡುವ ಹಿಂದಿನ ದಿನ ಬಂದು ಅಕ್ಕನ ಕಿವಿಯಲ್ಲಿ ಹುಳ ಬಿಟ್ಟ. "ಕಾಡವ್ವಾ, ಲಗಮಪ್ಪ ಎತ್ತಿನ ಹುಚ್ಚಿನಾಂವ. ಎತ್ತಿಲ್ಲದ ಮನಿ ಹೊಚ್ಚಲಾ ತುಳಿಯಂಗಿಲ್ಲ. ಮತ್ತ ಈ ಬಾಡಿಗಿ ಹುಡುಗ್ಯಾರು ಕಣ್ಣಿಗಿ ಬೀಳಬಾರದು ನೋಡು. ಖೋಲಿ ಬಾಡಿಗಿ ಕೊಟ್ಟ ಹೊಟ್ಟಿ ಹೊರಕೋತಾರ, ಗತಿಗೆಟ್ಟ ಮಂದಿ ಅಂತಾನ."

"ಎತ್ತ ಮಾರಿ ಎಷ್ಟೋ ವರ್ಷಾತಲ್ಲೊ ಮಲಕಾಜಾ!"

"ಬುರಾನಸಾಬನ ಕಿಲಾರಿ ಜೋಡಿ ಐತೆಲ್ಲ. ಒಂದ ದಿನಾ ತಂದ ಕಟ್ಟು."

"ಅಕ್ಕಾ, ಬ್ಯಾಡ. ಸುಳ್ಳು ದಕ್ಕಂಗಿಲ್ಲ," ಎಂದೆ ನಾನು.

"ನೀ ಸುಮ್ನಿರೋ ತಮ್ಮಾ. ಟಿಕೆಟ್ ಹರಿಯೂದಕ್ಕೂ ಮದವಿ ಮಾಡೂದಕ್ಕೂ ಫರಕ ಐತಿ," ಎಂದು ಅಕ್ಕ ನನ್ನ ಬಾಯಿ ಮುಚ್ಚಿಸಿದಳು. ಅವಳು ಒಮ್ಮೆ ಹಟ ಹಿಡಿದರೆ ಉಡ ಹಿಡಿದಂತೆ. ಪರಶು ತಾಯಿಗೆ ಎದುರಾಡಿ ಗೊತ್ತಿಲ್ಲದ ಹುಡುಗ, ಮುಖ ಮಾತ್ರ ಗಂಟು ಹಾಕಿಕೊಂಡ.

ಬುರಾನಸಾಬನದು ಎದುರು ಓಣಿಯ ಮನೆ. ಪರಶು ಹುಟ್ಟಿದಾಗಿನಿಂದ ನೆರೆಹೊರೆ. ಕೇಳಿದ್ದಕ್ಕೆ ನಕ್ಕು, "ಒಯ್ಯವಾ, ಎತ್ತೇನು, ಬೇಕಂದ್ರ ನಾನೂ ಬಂದ ನಿಂದರತೇನಿ," ಅಂದ. ಆಗ ಅದಲು ಬದಲು ಶುರುವಾಯಿತು. ಬುರಾನಸಾಬನ ಎತ್ತುಗಳು ನಮ್ಮ ಮನೆಗೆ ಬಂದವು. ನಮ್ಮ ಬಾಡಿಗೆಯ ಹುಡುಗಿ ಹೀನಾಕೌಸರ, ಅವಳ ಪುಸ್ತಕಗಳು, ಓದುವ ಟೇಬಲ್ಲು ಬುರಾನಸಾಬನ ಮನೆಗೆ ಹೋದವು. ಅವಳ ಜೊತೆಗಾತಿ ರಾಣಿ ಊರಿಗೆ ಹೋಗಿದ್ದಳು, ಪುಣ್ಯವಂತೆ. ಹೀನಾ ಮನೋಳಿಯವಳು, ಎಂ.ಎ. ಎರಡನೇ ವರ್ಷ. ಸೋಮವಾರ ಅವಳಿಗೆ ಪರೀಕ್ಷೆ.

"ಆಯಿ, ನಾ ಕಳುವಿನ ಮಾಲೇನ? ಮುಚ್ಚಿ ಇಡಾಕ ಹತ್ತೀರಲ್ಲ," ಎಂದು ಅವಳು ಕೇಳಿದಳು.

"ಒಂದ ದಿನದ ಮಾತ ನನ ಕೂಸ. ಸಂಜಿಗಿ ಹೋಳಗಿ ಕೊಡತೇನಿ," ಎಂದು ಅಕ್ಕ ಅವಳ ಗಲ್ಲ ಸವರಿದಳು.

ಖಾಲಿಯಾದ ಖೋಲಿಗಳಲ್ಲಿ ಅಕ್ಕ ಚೀಲಗಳನ್ನು ಒಟ್ಟಿದಳು. ಮುಂದಿನ ಎರಡರಲ್ಲಿ ಜೋಳ, ಹಿಂದಿನವುಗಳಲ್ಲೆಲ್ಲ ಬರೀ ಹೊಟ್ಟು. ಅವಳ ಬುದ್ಧಿಗೆ ನಾನು ಕೈ ಮುಗಿದೆ.

ಶನಿವಾರ ಬಿಸಿಲೇರುವ ಹೊತ್ತಿಗೆ ಸಾಲಹಳ್ಳಿಯ ಕ್ರೂಸರ್ ಗಾಡಿ ಬಂದು ನಿಂತಿತು. ಲಗಮಪ್ಪ ಇಳಿದ, ಅವನ ತಮ್ಮ ಇಳಿದ, ಇಬ್ಬರು ಹೆಂಗಸರು, ಮಲಕಾಜಪ್ಪ. ಕೊನೆಗೆ, ಹೆಗಲಿಗೆ ಚೀಲ ಹಾಕಿಕೊಂಡು, ರೇಣು ಇಳಿದಳು.

ಅಕ್ಕ ನನ್ನ ತೋಳು ಚಿವುಟಿದಳು. "ಹುಡುಗಿ ಯಾಕ ಬಂದಾಳೋ? ಹೆಣ್ಣು ತನ್ನ ಮನಿ ತಾನ ನೋಡಾಕ ಬರೂದು ಎಲ್ಲಿ ಪದ್ಧತಿ?"

"ಇರೂ ಮನಿ ಆಕೀದ ಅಲ್ಲಾ?" ಎಂದೆ. ಮತ್ತೊಂದು ಚಿವುಟು ಬಿತ್ತು.

ಲಗಮಪ್ಪ ಮನೆಯೊಳಗೆ ಕಾಲಿಡಲಿಲ್ಲ. ಕೈಕಾಲಿಗೆ ನೀರು ಕೊಟ್ಟದ್ದನ್ನೂ ಮರೆತು ನೇರ ಎತ್ತುಗಳ ಹತ್ತಿರ ಹೋದ. ಬೆನ್ನ ಮೇಲಿನ ಹಿಣಿಲು ಸವರಿದ, ಮೈಮೇಲಿನ ಸುಳಿ ನೋಡಿದ, ಬಾಯಿ ಬಿಡಿಸಿ ಹಲ್ಲು ನೋಡಿದ. ಮುಖ ಅರಳಿತು. ತಿರುಗಿ ಪರಶುವನ್ನು ಕೇಳಿದ, "ಬಾಳ ಚಂದ ಸಾಕೀರಿ. ಏನಂತ ಕರೀತೀರಿ ಇವನ್ನ?"

ನಮಗೆ ಹೊಳೆದೇ ಇರಲಿಲ್ಲ. ಎತ್ತು ತಂದಿದ್ದೆವು, ಹೆಸರು ತಂದಿರಲಿಲ್ಲ. ಪರಶು ಮಾಡಿನ ಕಡೆ ನೋಡಿದ. ಅಕ್ಕನೇ ಮುಂದೆ ಬಂದು, "ಬಸವ್ಯಾ ಅಂತೇವ್ರಿ," ಅಂದಳು.

"ಎರಡಕ್ಕೂ?"

"ಹೂಂ ರಿ. ದೊಡ್ಡ ಬಸವ್ಯಾ, ಸಣ್ಣ ಬಸವ್ಯಾ."

ಲಗಮಪ್ಪ "ಬಸವ್ಯಾ" ಎಂದು ಪ್ರೀತಿಯಿಂದ ಕರೆದ. ಎತ್ತು ಬಾಲ ಕೂಡ ಅಲ್ಲಾಡಿಸಲಿಲ್ಲ. ಅವನ ಹುಬ್ಬು ಸ್ವಲ್ಪ ಮೇಲೆ ಹೋದದ್ದನ್ನು ನಾನು ಕಂಡೆ. ಕಂಡು, ಎಲ್ಲರನ್ನೂ ಚಹಾಕ್ಕೆ ಒಳಗೆ ಕರೆದೆ.

ಅಷ್ಟರಲ್ಲಿ ರೇಣು ಹಿತ್ತಲಿಗೆ ಹೋಗಿದ್ದಳು. ಅಕ್ಕ ಓಡಿದಳು, ಹಿಂದೆ ನಾನು. ಹುಡುಗಿ ಖೋಲಿಯ ಬಾಗಿಲಲ್ಲಿ ನಿಂತು ಚೀಲಗಳನ್ನು ನೋಡುತ್ತಿದ್ದಳು.

"ಇಲ್ಲೆ ಯಾರ ಇರತಾರ್ರಿ ಅತ್ಯಾ?"

"ಯಾರೂ ಇಲ್ಲವ್ವಾ. ಕಾಳು ಕಡಿ ತುಂಬತೇವಿ."

"ಓದೂ ಹುಡುಗ್ಯಾರು ಬಾಡಿಗಿಗಿ ಇರತಾರಂತ ಕೇಳಿದ್ನಿ, ಈ ಊರಾಗ."

"ಇದ್ದಾರು ಯಾರಾರ ಮನ್ಯಾಗ. ನಮ್ಮಂಥಾ ಮನ್ಯಾಗ ಹಂತಾದ್ದೆಲ್ಲ ಇಲ್ಲ ತಾಯಿ," ಎಂದು ಅಕ್ಕ ಬಹಳ ಗತ್ತಿನಿಂದ ಹೇಳಿದಳು.

ಹುಡುಗಿ ಕಿಟಕಿಯಿಂದ ಗುಡ್ಡದ ಮೇಲಿನ ಕಟ್ಟಡಗಳನ್ನು ನೋಡಿದಳು. "ಆ ಗೇಟು ನಡಕೋತ ಹೋದ್ರ ಎಷ್ಟೊತ್ತ ಆಗತೈತ್ರಿ?"

"ನಾ ಯಾಕ ಹೋಗಲೆವ್ವಾ ಅಲ್ಲಿಗಿ? ನಮಗ ಅಲ್ಲೇನ ಕೆಲಸ?"

ರೇಣು ಕಿಟಕಿಯಿಂದ ಸರಿದಳು. ಅವಳ ಮುಖ ಬಾಡಿದ್ದು ಕಂಡಿತು, ಯಾಕೆಂದು ತಿಳಿಯಲಿಲ್ಲ. ಪಡಸಾಲೆಗೆ ಹೋಗಿ ಅಪ್ಪನ ಪಕ್ಕ ಕೂತು ಕಿವಿಯಲ್ಲಿ ಏನೋ ಹೇಳಿದಳು. ಲಗಮಪ್ಪ ಕಪ್ಪು ಕೆಳಗಿಟ್ಟ. ಬಸ್ಸಿನಲ್ಲಿ ಜೀವನ ಕಳೆದವನಿಗೆ ಯಾರು ಮುಂದಿನ ಸ್ಟಾಪಿಗೆ ಇಳಿಯುತ್ತಾರೆ ಎಂಬುದು ಮುಖ ನೋಡಿದರೆ ಗೊತ್ತಾಗುತ್ತದೆ. ಈ ಸಂಬಂಧ ಇಳಿಯಲು ಎದ್ದು ನಿಂತಿತ್ತು. ಬಾಗಿಲ ಹತ್ತಿರ ನಿಂತ ಪರಶುವಿಗೂ ಅದು ಗೊತ್ತಾಯಿತು.

ಆಗ ಎದುರು ಓಣಿಯಲ್ಲಿ ಬುರಾನಸಾಬನ ಹೆಂಡತಿ ನೂರಬಿ ತನ್ನ ಎಮ್ಮೆಗೆಂದು ಹತ್ತಿಕಾಳಿನ ಬಕೆಟ್ಟನ್ನು ನೆಲಕ್ಕೆ ಕುಕ್ಕಿದಳು.

ಅವಳು ಬೇಕೆಂದು ಮಾಡಲಿಲ್ಲ ಪಾಪ. ದಿನಾ ಮಧ್ಯಾಹ್ನ ಕುಕ್ಕುವ ಬಕೆಟ್ಟು ಅದು. ನಮ್ಮ ಅಂಗಳದ ಎರಡೂ 'ಬಸವ್ಯಾ'ಗಳು ಕಿವಿ ನಿಮಿರಿಸಿ ತಲೆ ಎತ್ತಿದವು. ಒಂದು ಜಗ್ಗು. ಆ ಊರಿನ ಗರಸಿನಲ್ಲಿ ಗೂಟ ನಿಲ್ಲುತ್ತದೆಯೇ? ಕಿತ್ತುಕೊಂಡು ಬಂತು. ಗೂಟ ಎಳೆದುಕೊಂಡು, ಯಾರ ಗೊಡವೆಯೂ ಇಲ್ಲದೆ, ಬೀಗರ ಕ್ರೂಸರ್ ಸುತ್ತು ಹಾಕಿ ಎರಡೂ ತಮ್ಮ ಮನೆಯ ದಾರಿ ಹಿಡಿದವು.

"ಎತ್ತ ಹೋದ್ವು!" ಎಂದು ಲಗಮಪ್ಪ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಅವನ ಹಿಂದೆ ಅವನ ತಮ್ಮ, ಹಿಂದೆ ನಾವೆಲ್ಲರೂ. ಅಕ್ಕ ಮಾತ್ರ ಒಂದು ಕ್ಷಣ ದೇವರ ಜಗಲಿಯ ಕಡೆ ತಿರುಗಿ ಏನೋ ಬೇಡಿಕೊಂಡು ಆಮೇಲೆ ಓಡಿ ಬಂದಳು.

ಬುರಾನಸಾಬನ ಗೋದಲಿಯ ಮುಂದೆ ಎತ್ತುಗಳು ನಿಲ್ಲುವ ಜಾಗದಲ್ಲಿ ಟೇಬಲ್ಲು ಇತ್ತು. ಬೇರೆಲ್ಲೂ ಜಾಗ ಇರಲಿಲ್ಲವೆಂದು ಅಲ್ಲಿಟ್ಟಿದ್ದರು. ಟೇಬಲ್ಲಿಗೆ ಹೀನಾಕೌಸರ ಕೂತು ಓದುತ್ತಿದ್ದಳು. ಒಂದು ಎತ್ತು ಬಂದು, ನನ್ನ ಜಾಗ ಬಿಡು ಎನ್ನುವಂತೆ, ಕೊಂಬಿನಿಂದ ಟೇಬಲ್ಲನ್ನು ಮೆಲ್ಲಗೆ ನೂಕುತ್ತಿತ್ತು. ಇನ್ನೊಂದು ಅವಳು ಬರೆಯುತ್ತಿದ್ದ ವಹಿಯನ್ನು ಮೂಸುತ್ತಿತ್ತು. "ರಾಜಾ, ಸರಿ ಅತ್ಲಾಗ!" ಎಂದು ಅವಳು ಎತ್ತಿನ ಹಣೆಗೆ ಕೈ ಕೊಟ್ಟು ತಳ್ಳುತ್ತಿದ್ದಳು.

ಲಗಮಪ್ಪ ನಿಂತ. ಎತ್ತು ನೋಡಿದ, ಟೇಬಲ್ಲು ನೋಡಿದ, ಬುರಾನಸಾಬನ ಮುಖ ನೋಡಿದ. "ಯಾರ ಎತ್ರಿ ಇವು?"

ಬುರಾನಸಾಬ ಜೀವಮಾನದಲ್ಲಿ ಸುಳ್ಳು ಹೇಳಿ ರೂಢಿಯಿಲ್ಲದವ. ತಲೆ ಕೆರೆದುಕೊಂಡು, "ಎತ್ತು ನಂದರೀ. ಟೇಬಲ್ ಕಾಡವ್ವಂದು," ಅಂದ.

ನನಗೆ ನಗು ಬಂತು, ನಗುವ ಹೊತ್ತಲ್ಲ ಎಂದು ಟವೆಲ್ಲು ಬಾಯಿಗೆ ಒತ್ತಿಕೊಂಡೆ. ಲಗಮಪ್ಪನ ಮುಖ ಕೆಂಪಾಗಿತ್ತು. "ಎರವಲ ಎತ್ತ ತೋರಿಸಿ ನನ್ನ ಮಗಳನ್ನ ಕೇಳ್ತೀರೇನು? ಎತ್ತಿಲ್ಲ ಅಂದಿದ್ರ ಇಲ್ಲಂತ ತಿಳಕೋತಿದ್ನಿ. ಸುಳ್ಳ ಹೇಳೂ ಮನಿಗಿ ಹ್ಯಾಂಗ ಕೊಡ್ಲಿ? ಎಲ್ಲಿ ಆ ಮಲಕಾಜ? ನಡೀರಿ, ಗಾಡಿ ಹತ್ತರಿ!"

ಮಲಕಾಜಪ್ಪ ಎಲ್ಲಿದ್ದಾನೆ? ಅವನು ಆಗಲೇ ಕ್ರೂಸರಿನ ಆಚೆ ಬದಿಗೆ ನಿಂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ರೇಣು ಕದಲಲಿಲ್ಲ. ಅವಳು ಟೇಬಲ್ಲಿನ ಮೇಲಿನ ಪುಸ್ತಕದ ಹೆಸರು ಓದುತ್ತಿದ್ದಳು. "ಅಕ್ಕಾ, ನೀವು ಇಲ್ಲೆ ಕಲೀತೀರಿ?"

"ಹೂಂ. ಎಂ.ಎ."

"ಇದು ನಿಮ್ಮ ಮನಿ ಏನ್ರಿ?"

"ಅಲ್ಲವಾ. ನಾ ಕಾಡವ್ವ ಆಯಿ ಮನ್ಯಾಗ ಬಾಡಿಗಿ ಇರತೇನಿ. ಇವತ್ತ ಯಾರೋ ದೊಡ್ಡ ಬೀಗರ ಬರತಾರಂತ. ನಾ ಕಂಡ್ರ ಮರ್ಯಾದಿ ಹೋಗತೈತೆಂತ. ಅದಕ್ಕ ನನ್ನ ತಂದ ಎತ್ತಿನ ಜಾಗಾದಾಗ ಕಟ್ಟ್ಯಾರ." ಹೀನಾ ಸಿಟ್ಟಿನಲ್ಲಿ ಇದನ್ನು ಹೇಳಿದಳು. ಆಮೇಲೆ ನಮ್ಮನ್ನೆಲ್ಲ ಕಂಡು, ಎದುರಿಗಿದ್ದವಳು ಯಾರೆಂದು ಹೊಳೆದು, ನಾಲಿಗೆ ಕಚ್ಚಿಕೊಂಡಳು.

ಹಿತ್ತಲಿನಿಂದ ಬಾಡಿದ ಮುಖದಲ್ಲೇ ಇದ್ದ ರೇಣು ನಕ್ಕುಬಿಟ್ಟಳು. ಆಮೇಲೆ ಟೇಬಲ್ಲಿನ ಅಂಚಿಗೆ ಕೈಯಿಟ್ಟು, ದನಿ ತಗ್ಗಿಸಿ ಕೇಳಿದಳು, "ಆ ಮನ್ಯಾಗ ಓದಾಕ ಬಿಡತಾರ?"

"ಬಿಡೂದ?" ಹೀನಾ ಈಗ ಎದ್ದು ನಿಂತಳು. "ಬಿಡೂದಲ್ಲವಾ, ಓದಸ್ತಾರ. ನಸಿಕಿನ್ಯಾಗ ಆಯಿ ಚಾ ತಂದ ಎಬ್ಬಸ್ತಾಳ. ಬಾಜೂ ಮನ್ಯಾವ್ರು ಜೋರ ಟೀವಿ ಹಚ್ಚಿದ್ರ ಅಂಗಳದಾಗಿಂದನ ಚೀರ್ತಾಳ, ನಮ್ಮ ಹುಡುಗ್ಯಾರು ಓದಾಕ ಹತ್ಯಾರ, ಬಂದ್ ಮಾಡ್ರಿ ಅಂತ. ಲೈಬ್ರರಿಯಿಂದ ಬರೂದು ಹೊತ್ತಾದ್ರ ಪರಶು ಅಣ್ಣಾ ಗೇಟಿನ ತನಕಾ ಬಂದ ನಿಂತಿರತಾನ. ನಾ ಹೋದ ವರ್ಷ ಜ್ವರ ಬಂದ ಮಲಗಿದಾಗ ನಮ್ಮವ್ವ ಮನೋಳಿಯಿಂದ ಬರೂದ್ರಾಗ ಆಯಿ ಗಂಜಿ ಕುಡಿಸಿ ಕೂಡಿಸಿದ್ಲು."

ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಇಷ್ಟು ಹೊತ್ತು ಮುಚ್ಚಿಟ್ಟದ್ದೇ ಈಗ ಅವಳ ಮಾನ ಕಾಯುತ್ತಿತ್ತು. ತೋರಿಸಿದ್ದು ಕೈಕೊಟ್ಟು ಓಡಿ ಬಂದಿತ್ತು. ಕೊನೆಗೆ ಲಗಮಪ್ಪನಿಗೆ ಕೈ ಮುಗಿದಳು. "ತಪ್ಪಾತ್ರಿ ಅಣ್ಣಾರ. ನಮ್ಮವೂ ಎತ್ತ ಇದ್ವು. ಮಾರಿ ಈ ಹುಡುಗ್ಯಾರಿಗಿ ಖೋಲಿ ಕಟ್ಟಿದ್ವಿ. ನನ್ನ ಮಗಾ ಇನ್ನೂ ಒಂಟಿ ಉಳದಾನಲ್ಲ ಅನ್ನೂ ಸಂಕಟಕ್ಕ ಸುಳ್ಳ ಹೇಳಿದ್ನಿ. ಬೈರಿ, ಬೈಸಿಕೋತೇನಿ. ಮಗನ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ. ಆಂವಗ ಇದು ಮನಸ್ಸಿಗಿ ಬಂದಿರಲಿಲ್ಲ."

ಲಗಮಪ್ಪ ಗಾಡಿಯ ಕಡೆ ಹೊರಟವನು ನಿಂತ. ಆಗ ರೇಣು ಅಪ್ಪನ ಮುಂದೆ ಬಂದು ನಿಂತಳು. "ಅಪ್ಪಾ, ನಾನೂ ಒಂದ ಮಾತ ಮುಚ್ಚಿಟ್ಟೇನಿ. ನನಗ ಈ ಯುನಿವರ್ಸಿಟ್ಯಾಗ ಎಂ.ಎ. ಸೀಟ ಸಿಕ್ಕೈತಿ. ಹೆಸರ ಹಚ್ಚಾಕ ಇವತ್ತ ಕಡೀ ದಿನ. ಸಂಜೀ ಐದರೊಳಗ ಹೋಗದಿದ್ರ ಸೀಟ ಬ್ಯಾರೇದವ್ರಿಗಿ ಹೋಗತೈತಿ. ಓದೂದಿದ್ರ ಗಂಡನ ಮನ್ಯಾಗ ಓದು ಅಂದಿದ್ದಿ. ಅದಕ್ಕ ಈ ಊರಂದ ಕೂಡಲೇ ಹೂಂ ಅಂದ್ನಿ. ಓದೂ ವಾಸನಿನೂ ಇಲ್ಲದ ಮನಿ ಅಂತ ತಿಳದು ಆಗಳೆ ಬ್ಯಾಡ ಅಂದ್ನಿ. ಈಗ ಬೇಕಂತೇನಿ."

ಆ ಹೆಗಲ ಚೀಲದಲ್ಲಿ ಇದ್ದದ್ದು ಅವಳ ಬಿ.ಎ. ಕಾಗದಗಳು. ಹುಡುಗಿಗೆ ಮುಂದೆ ಓದುವ ಆಸೆ ಇದ್ದದ್ದು ಮಲಕಾಜಪ್ಪನಿಗೆ ಗೊತ್ತಿತ್ತಂತೆ. ಸೊಸೆ ಓದುತ್ತಾಳೆಂದರೆ ಗಂಡಿನವರು ಹೆದರುತ್ತಾರೆ ಎಂದು ನಮಗೆ ಹೇಳಿರಲಿಲ್ಲ. ಅವನ ತಲೆಯ ಮೇಲೆ ನೂರಬಿಯ ಬಕೆಟ್ಟು ಮಗುಚಬೇಕಿತ್ತು.

ಈಗ ಎಲ್ಲರೂ ಅಕ್ಕನನ್ನು ನೋಡಿದರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಬಾಡಿಗೆಯ ಹುಡುಗಿ ಓದುವುದು ಬೇರೆ, ಮನೆಯ ಸೊಸೆ ಓದುವುದು ಬೇರೆ. ಅಕ್ಕ ವರ್ಷಗಟ್ಟಲೆ ಸೊಸೆಯ ಕನಸು ಕಂಡವಳು. ಆ ಕನಸಿನಲ್ಲಿ ಸೊಸೆ ಒಲೆಯ ಮುಂದೆ ಇರುತ್ತಿದ್ದಳು, ಅಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದಳು. ನನಗೇ ಹೇಳಿದ್ದಾಳೆ.

"ಹಂಗಾರ ರೊಟ್ಟಿ ಯಾರ ಬಡೀತಾರ?" ಎಂದಳು ಅಕ್ಕ.

 ಪರಶು ಮುಂದೆ ಹೋದ. ಟೇಬಲ್ಲಿನ ಮೇಲಿನ ಪುಸ್ತಕಗಳನ್ನು ಜೋಡಿಸಿ ಹೀನಾಳ ಕೈಗೆ ಕೊಟ್ಟ. ಟೇಬಲ್ಲನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು, ಬೀಗರ ನಡುವೆ ಹಾಯ್ದು, ಹಾಡುಹಗಲೇ ಓಣಿಯ ತುಂಬ ಜನ ನೋಡುತ್ತಿರುವಾಗ ಮನೆಯ ಕಡೆ ನಡೆದ. ತಾಯಿಗೆ ಒಂದು ಮಾತು ಎದುರಾಡದ ಹುಡುಗ ಅಂದೆನಲ್ಲ, ಆಗಲೂ ಆಡಲಿಲ್ಲ. ನನ್ನ ಕಣ್ಣು ಒದ್ದೆಯಾದವು.

ಅಕ್ಕ ಅವನು ಓಣಿ ತಿರುಗುವ ತನಕ ನೋಡಿದಳು. ಆಮೇಲೆ ತನ್ನೊಳಗೇ ಜಗಳ ತೆಗೆದಂತೆ ಗೊಣಗಿದಳು. "ಎಲ್ಲೆಲ್ಲಿ ಊರಿನ ಹುಡುಗ್ಯಾರಿಗಿ ಬಡದ ಹಾಕ್ತೇನಿ. ಮನೋಳಿಯಾಕಿಗಿ ಹಾಕ್ತೇನಿ, ಸವದತ್ತ್ಯಾಕಿಗಿ ಹಾಕ್ತೇನಿ. ನನ್ನ ಮನೀ ಸೊಸಿಗಿ ನಾಕ ರೊಟ್ಟಿ ಹಾಕಾಕ ನನ್ನ ಕೈಗೇನ ರೋಗ ಬಂದೈತಿ?" ರೇಣುವಿನ ಕಡೆ ತಿರುಗಿ ಗದರಿದಳು, "ನಿಂತಿ ಯಾಕ? ಹೊತ್ತ ಎಷ್ಟಾತು ನೋಡು. ಐದಕ್ಕ ಬಾಗಲಾ ಹಾಕ್ತಾರಂತಿ. ನಡಿ!"

"ನಾ ಇನ್ನಾ ಹೂಂ ಅಂದಿಲ್ಲ," ಎಂದ ಲಗಮಪ್ಪ.

"ನೀವು ಸಾವಕಾಶ ಅನ್ರಿ. ಮದವಿ ನಿಮ್ಮ ಕೈಯಾಗೈತಿ. ಸೀಟ ಯಾಕ ಹಾಳಾಗಬೇಕು?" ಎಂದಳು ಅಕ್ಕ. ಆ ಕ್ಷಣಕ್ಕೆ ನಮ್ಮಕ್ಕನ ಕಾಲು ಮುಟ್ಟಬೇಕು ಅನ್ನಿಸಿತು. ಕೊಟ್ಟರೆ ಕೊಡಲಿ, ಬಿಟ್ಟರೆ ಬಿಡಲಿ, ಹುಡುಗಿ ಓದಲಿ ಎಂದು ಅವಳು ಲೆಕ್ಕ ಹಾಕಿ ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತ್ತು.

ಗುಡ್ಡ ಹತ್ತಿದೆವು. ಅಕ್ಕ ಮತ್ತು ರೇಣು ಮುಂದೆ, ಹೀನಾ ದಾರಿ ತೋರಿಸುತ್ತ. ಟೇಬಲ್ಲು ಇಟ್ಟು ಓಡಿ ಬಂದು ಸೇರಿದ ಪರಶು ಅವರ ಹಿಂದೆ. ಎಲ್ಲರ ಹಿಂದೆ ಲಗಮಪ್ಪ, ಕೈ ಬೆನ್ನಿಗೆ ಕಟ್ಟಿಕೊಂಡು, ನಾನು ಬರುತ್ತಿಲ್ಲ, ಹಾದಿ ನನ್ನನ್ನು ಕರೆದೊಯ್ಯುತ್ತಿದೆ ಎಂಬಂತೆ. ಗೇಟಿನ ಕೆಳಗೆ ಪರಶುವಿನ ಸೀತಾಫಲದ ಗಿಡಗಳ ಹತ್ತಿರ ಮಾತ್ರ ನಿಂತು, ಒಂದು ಕಾಯಿ ಹಿಡಿದು ನೋಡಿದ. "ಈ ಗರಸಿನ್ಯಾಗ?" ಅಂದ. ಪರಶು ಹೂಂ ಎಂದ.

ಗೇಟು ದಾಟುವಾಗ ಅಕ್ಕನ ಹೆಜ್ಜೆ ಸಣ್ಣದಾಯಿತು. ಇಷ್ಟು ವರ್ಷ ಕಣ್ಣೆದುರಿಗೇ ಇದ್ದರೂ ಅವಳು ಒಳಗೆ ಬಂದವಳಲ್ಲ. ಒಳಗೆ ಜಾತ್ರೆಯಂತೆ ಹುಡುಗ ಹುಡುಗಿಯರು. ಅವರ ನಡುವಿನಿಂದ ಒಬ್ಬಳು, "ಲಗಮಪ್ಪ ಕಾಕಾ! ನೀವ್ಯಾಕ ಬಂದೀರಿ?" ಎನ್ನುತ್ತ ಓಡಿ ಬಂದಳು. ರಾಮದುರ್ಗದ ಎತ್ತಿನ ವ್ಯಾಪಾರಿಯೊಬ್ಬನ ಮಗಳು, ಅನ್ನಪೂರ್ಣಾ ಅಂತ. ಅವರಪ್ಪನಿಗೂ ಲಗಮಪ್ಪನಿಗೂ ಸಂತೆಯಲ್ಲಿ ಹಳೆಯ ಪೈಪೋಟಿ.

"ನಿಮ್ಮಪ್ಪ ನಿನ್ನ ಇಲ್ಲಿ ಹಚ್ಚ್ಯಾನ?" ಎಂದು ಲಗಮಪ್ಪ ಬೆರಗಾಗಿ ಕೇಳಿದ.

"ಹೋದ ವರ್ಷನ ಹಚ್ಚ್ಯಾನ್ರಿ. ಪ್ರತಿ ತಿಂಗಳಾ ಬರತಾನ. ಬಂದಾಗೊಮ್ಮೆ ಆ ಕಟ್ಟಿ ಮ್ಯಾಲ ಕುಂತು ಬುತ್ತಿ ಉಂಡ ಹೋಗತಾನ."

ಲಗಮಪ್ಪ ಆ ಕಟ್ಟೆಯನ್ನು ಬಹಳ ಹೊತ್ತು ನೋಡಿದ.

ಹೆಸರು ಹಚ್ಚುವ ಕೋಣೆಯಲ್ಲಿ ಕೊನೆಯ ದಿನದ ಗದ್ದಲ. ನಮ್ಮ ಪಾಳಿ ಬಂದಾಗ ಕಿಟಕಿಯಾಚೆಯ ಗುಮಾಸ್ತ ರೇಣುವಿನ ಕಾಗದಗಳನ್ನು ತಿರುವಿ, ತಲೆ ಎತ್ತದೆ ಕೇಳಿದ, "ಊರು ಸಾಲಹಳ್ಳಿ. ದೂರ ಆತಲ್ಲ. ಇಲ್ಲೆ ಯಾರ ಮನ್ಯಾಗ ಇರತೀರಿ? ನೋಡಿಕೊಳ್ಳಾವ್ರು ಯಾರು?"

"ನಾನ್ರಿ," ಎಂದು ಅಕ್ಕ ಕಿಟಕಿಗೆ ಮುಖ ಹಚ್ಚಿದಳು. "ಕಾಡವ್ವ, ಗರಸಿನಕೊಪ್ಪ."

"ಹುಡುಗಿ ನಿಮಗೇನ ಆಗಬೇಕು?"

ಯಾರಿಗೂ ಉತ್ತರ ಬಾಕಿ ಉಳಿಸದ ನಮ್ಮಕ್ಕ ಸುಮ್ಮನಾದಳು. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದ ಬಾಯಿ, ಆಗದ ಸಂಬಂಧವನ್ನು ಆಯಿತು ಎನ್ನಲು ಒಪ್ಪಲಿಲ್ಲ. ಪರಶು ತಲೆ ತಗ್ಗಿಸಿದ. ರೇಣು ಮಾತ್ರ ಅಪ್ಪನ ಕಡೆ ತಿರುಗಿ ನೋಡಿದಳು. ಹಿಂದೆ ನಿಂತ ಹುಡುಗರು ಲಗೂ ಮಾಡ್ರಿ ಎಂದು ಗೊಣಗಿದರು. ಗುಮಾಸ್ತ ಪೆನ್ನು ಹಿಡಿದು, "ಏನ್ ಬರೀಲೆವ್ವಾ?" ಎಂದು ಮತ್ತೆ ಕೇಳಿದ.

ಲಗಮಪ್ಪ ನಮ್ಮನ್ನೆಲ್ಲ ಸರಿಸಿಕೊಂಡು ಮುಂದೆ ಬಂದ. ಗಂಟಲು ಸರಿ ಮಾಡಿಕೊಂಡ. ಎರಡೂ ಕೈ ಕಿಟಕಿಯ ಕಟ್ಟೆಗೆ ಊರಿದ.

"ಸೊಸಿ ಅಂತ ಬರೀರಿ. ಕೇಳಿದ್ರ ಹುಡುಗಿ ಅಪ್ಪ ಹೇಳ್ಯಾನನ್ರಿ."